ಸಮೀಕ್ಷಕರನ್ನು ಸ್ಕೂಟರಿನಲ್ಲಿ ಬಿಟ್ಟುಬಂದ ಪ್ರಕರಣ

ಜಿಲ್ಲಾ ಸಾರಿಗೆ ಯೋಜನಾ ಮಂಡಳಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವೂ, ಮಂಡಳಿಯ ಸಮಸ್ತ ಸದಸ್ಯರೂ, ತಮ್ಮೆಲ್ಲರನ್ನು ಹೊತ್ತು ತಿರುಗುವ ಕಚೇರಿಯ ಕಾರುಗಳೂ ಕ್ಷೇಮವೆಂದು ನಂಬಿ, ಜಿಲ್ಲೆಯ ಹೊಸ ಬಡಾವಣೆಯೊಂದರ ನಿವಾಸಿಯೂ ನಿವೃತ್ತ ಗ್ರಂಥಪಾಲಕನೂ ಆದ ನಾನು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಮಂಡಳಿ ಈವರೆಗೆ ಹೊರಡಿಸಿದ ಯೋಜನಾ ವರದಿಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿದ ಏಕೈಕ ಪ್ರಜೆ ನಾನೇ ಇರಬೇಕು. ಅವನ್ನು ಯಾವ ಕಪಾಟಿನಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಪ್ರವಾಸ ಕಥನಗಳ ಪಕ್ಕದಲ್ಲಿ, ಕಾದಂಬರಿಗಳ ಕಡೆಗೆ ಸ್ವಲ್ಪ ವಾಲಿಸಿ ಇಟ್ಟವನೂ ನಾನೇ.

ಆ ವರದಿಗಳಲ್ಲಿ ನಮ್ಮ ಬಡಾವಣೆಗೆ ದೊರೆತಿರುವ ಸೌಕರ್ಯ ಕಂಡರೆ ಹೊಟ್ಟೆ ತುಂಬುತ್ತದೆ. ಮೊದಲ ವರದಿಯಲ್ಲಿ ನಮಗೆ ಕೆಂಪು ಗೆರೆಯ ಬಸ್ಸು ಬಂತು. ಮುಂದೆ ಬಂದ ಅಧ್ಯಕ್ಷರಿಗೆ ಕೆಂಪು ಹಿಡಿಸದೆ ಗೆರೆ ನೀಲಿಯಾಯಿತು. ತಮ್ಮ ಕಾಲದಲ್ಲಂತೂ ಅದು ಬಡ್ತಿ ಪಡೆದು ರೈಲೇ ಆಗಿ, ಕಚೇರಿಯ ಪಡಸಾಲೆಯ ಗಾಜಿನ ಪೆಟ್ಟಿಗೆಯೊಳಗೆ ಗುಂಡಿ ಒತ್ತಿದರೆ ಓಡುತ್ತದೆ. ಇದಕ್ಕೆಲ್ಲ ಹಣ ಬೇಕಲ್ಲವೇ ಎಂದು ಮನೆಗಂದಾಯದ ಜೊತೆ ಸಾರಿಗೆ ಉಪಕರವನ್ನೂ ಕಟ್ಟುತ್ತಿದ್ದೇವೆ. ಅದು ಮುಂದಿನ ಯೋಜನೆ ತಯಾರಿಸುವುದಕ್ಕೂ, ಹಿಂದಿನ ಯೋಜನೆ ಏಕೆ ಜಾರಿಯಾಗಲಿಲ್ಲವೆಂದು ತಜ್ಞರಿಂದ ಕೇಳಿ ತಿಳಿಯುವುದಕ್ಕೂ ಸರಿಹೋಗುತ್ತದೆಂದು ತಮ್ಮದೇ ಆಯವ್ಯಯ ಪತ್ರ ಹೇಳುತ್ತದೆ. ಅಳಿದುಳಿದದ್ದರಲ್ಲಿ ತಾವು ಕಟ್ಟಿಸಿಕೊಟ್ಟ ತಂಗುದಾಣ ಮಾತ್ರ ನಿಜಕ್ಕೂ ಸೊಗಸಾಗಿದೆ. ಬಸ್ಸಿನ ಹೊಗೆ, ಧೂಳು ಇಲ್ಲದ್ದರಿಂದ ನಮ್ಮ ಬೀದಿಯ ದರ್ಜಿ ಅಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಬಿಳಿ ಬಟ್ಟೆಯ ಕೆಲಸವನ್ನೂ ಧೈರ್ಯವಾಗಿ ಒಪ್ಪಿಕೊಳ್ಳುತ್ತಾನೆ.

ಹೀಗಿರಲು, ಬಸ್ಸಿನ ಅಗತ್ಯ ಅಳೆಯಲೆಂದು ಕಳೆದ ತಿಂಗಳು ತಮ್ಮ ಸಮೀಕ್ಷಕರೊಬ್ಬರು ಬಂದರು. ಅವರು ಬಂದದ್ದೇ ನನ್ನ ತಮ್ಮನ ಹೆಂಡತಿಯ ಪುಣ್ಯದಿಂದ ಎಂದು ನಾವು ಭಾವಿಸಿದೆವು. ಆಕೆ ಪೇಟೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕತ್ತರಿ, ಇಕ್ಕಳಗಳನ್ನು ತೊಳೆದು, ಹಬೆಯಲ್ಲಿಟ್ಟು ತೆಗೆದು, ಬಟ್ಟೆಯಲ್ಲಿ ಕಟ್ಟಿಡುವ ಕೋಣೆಯ ಉಸ್ತುವಾರಿ. ಬೆಳಿಗ್ಗೆ ಆಕೆ ಹೋಗಿ ಬೀಗ ತೆಗೆಯುವವರೆಗೆ ಎಂಥ ದೊಡ್ಡ ಡಾಕ್ಟರಾದರೂ ಕೈ ತೊಳೆದುಕೊಂಡು ನಿಂತಿರಬೇಕು. ತಮ್ಮನ ಸ್ಕೂಟರು ಕಾರ್ಖಾನೆಗೆ ಹೊರಡುವುದೂ ಅದೇ ಹೊತ್ತಿಗೆ, ಆದರೆ ತದ್ವಿರುದ್ಧ ದಿಕ್ಕಿಗೆ; ಬೀದಿಯ ಉಳಿದ ಗಾಡಿಗಳದೂ ಅದೇ ದಾರಿ. ಹಾಗಾಗಿ ಆಕೆ ಕಟ್ಟಡಗಳು ಏಳುತ್ತಿರುವ ಬಯಲು ದಾಟಿ, ಹೆದ್ದಾರಿಯವರೆಗೆ ನಡೆದು, ನಿಂತರೆ ನಿಂತಿತು ಎಂಬಂಥ ಬಸ್ಸುಗಳಿಗೆ ಕೈ ಅಡ್ಡ ಹಾಕಬೇಕು. ಮೇಲಿಂದ ಮೇಲೆ ತಡವಾಗಿ, ಬರುವ ಒಂದನೇ ತಾರೀಖಿನಿಂದ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಆ ಕೆಲಸ ಪೇಟೆಯಲ್ಲೇ ಇರುವ ಇನ್ನೊಬ್ಬರಿಗೆ ಹೋಗುತ್ತದೆಂದು ಆಸ್ಪತ್ರೆಯವರು ಹೇಳಿದ್ದಾರೆ.

ಸಮೀಕ್ಷಕರು ಇದನ್ನೆಲ್ಲ ತಲೆದೂಗಿ ಕೇಳಿದರು, ನಮ್ಮಲ್ಲೇ ಊಟ ಮಾಡಿದರು, ತಂಗುದಾಣದ ನೆರಳನ್ನು ಹೊಗಳಿದರು. ಸಂಜೆಯಾದರೂ ಅವರನ್ನು ಕರೆದೊಯ್ಯಬೇಕಾದ ಮಂಡಳಿಯ ಜೀಪು ಬರಲಿಲ್ಲ. "ಹಾಗಾದ್ರೆ ಇಲ್ಲಿಂದ ಪೇಟೆಗೆ ಹೋಗೋದು ಹೇಗೆ?" ಎಂದು ಅವರು ಕೇಳಿದರು. ಮಾನ್ಯರೇ, ಬಡಾವಣೆಯ ಜನ ವರ್ಷಗಟ್ಟಲೆ ಕೇಳುತ್ತ ಬಂದ ಪ್ರಶ್ನೆ ಕೊನೆಗೂ ಸರ್ಕಾರದ ಬಾಯಿಂದಲೇ ಹೊರಟಿತ್ತು! ಆ ಕ್ಷಣದಲ್ಲಿ ನಾವು ಮಾಡಬೇಕಾಗಿದ್ದುದು ಇಷ್ಟೇ, ಸುಮ್ಮನೆ ನಿಲ್ಲುವುದು. ಆದರೆ ಮನೆಗೆ ಬಂದವರನ್ನು ಬೀದಿಯಲ್ಲಿ ನಿಲ್ಲಿಸಿ ನಮಗೆ ಅಭ್ಯಾಸವಿಲ್ಲ. "ನಾನ್ ಬಿಡ್ತೀನಿ ಸಾರ್", "ಏಯ್, ನಿನ್ ಗಾಡೀಲಿ ಕೂತ್ರೆ ಅವರ ಸೊಂಟ ಉಳಿಯುತ್ತಾ, ನಾನ್ ಬಿಡ್ತೀನಿ" ಎಂದು ದೊಡ್ಡ ಜಗಳವೇ ಆಗಿ, ವಾರದ ರಜೆಯಲ್ಲಿದ್ದ ನನ್ನ ತಮ್ಮ ಗೆದ್ದ. "ಇವತ್ತು ಇಲ್ಲೇ ಉಳ್ಕೊಳ್ಲಿ ಬಿಡ್ರೀ, ಬೆಳಿಗ್ಗೆ ನನ್ ಜೊತೆ ನಡ್ಕೊಂಡು ಬರ್ತಾರೆ" ಎಂದು ಅವನ ಹೆಂಡತಿ ಒಳಗಿನಿಂದ ಕೂಗಿದ್ದನ್ನು ನಾವು ತಮಾಷೆಯೆಂದುಕೊಂಡು ನಕ್ಕೆವು. ನನ್ನ ತಮ್ಮ ಅವರನ್ನು ಸ್ಕೂಟರಿನಲ್ಲಿ ಕೂರಿಸಿ ಅವರ ಮನೆ ಬಾಗಿಲಿಗೇ ಬಿಟ್ಟುಬಂದ.

ವರದಿಯೂ ಬಂತು: 'ಬಡಾವಣೆಯಿಂದ ಪೇಟೆಗೆ ಸಂಚಾರ ತೃಪ್ತಿಕರ. ಕಾಯಬೇಕಾದ ಪ್ರಮೇಯವಿಲ್ಲ. ಸೇವೆ ಮನೆ ಬಾಗಿಲಿನವರೆಗೆ. ಚಾಲಕರು ವಿನಯವಂತರು.' ಇದರ ಆಧಾರದ ಮೇಲೆ ನಮ್ಮ ಬಸ್ಸಿಗೆ ಎತ್ತಿಟ್ಟ ಅನುದಾನವನ್ನು ಈ ವಾರದ ಸಭೆಯಲ್ಲಿ ಬೇರೆಡೆಗೆ ವರ್ಗಾಯಿಸಲಿದ್ದೀರಂತೆ. ಅದನ್ನು ಓದಿ ಹೇಳಿದಾಗ ತಮ್ಮನ ಹೆಂಡತಿ ಗಂಡನನ್ನು ಕೇಳಿದ್ದು ಒಂದೇ ಮಾತು: "ನೀವು ಒಳ್ಳೆಯವರು ಅನ್ನಿಸ್ಕೊಳ್ಳೋಕೆ ನನ್ ಕೆಲಸಾನೇ ಬೇಕಿತ್ತೇನ್ರೀ?"

ಸಮೀಕ್ಷಕರ ಮೇಲೆ ನನ್ನ ದೂರಿಲ್ಲ. ಅವರು ಕಂಡದ್ದನ್ನೇ ಬರೆದಿದ್ದಾರೆ. ನನ್ನ ಬೇಡಿಕೆಗಳು ಸಣ್ಣವು. ತಾವೇ ತೃಪ್ತಿಕರವೆಂದು ಒಪ್ಪಿರುವ ಆ ಸ್ಕೂಟರಿಗೆ ಮಾರ್ಗಸಂಖ್ಯೆ ಕೊಟ್ಟು, ಬಡಾವಣೆಯವರೆಲ್ಲ ಒಟ್ಟಿಗೆ ಕೂರುವಷ್ಟು ಅದರ ಹಿಂದಿನ ಸೀಟನ್ನು ಉದ್ದ ಮಾಡಿಸಿಕೊಡಬೇಕು. ಅದು ಕಷ್ಟವಾದರೆ ತಮ್ಮನ ಕಾರ್ಖಾನೆಯನ್ನೇ ಎತ್ತಿ ಆಸ್ಪತ್ರೆಯ ಪಕ್ಕಕ್ಕೆ ಇಡಬೇಕು. ನಕಾಶೆಯ ಮೇಲೆ ಇಡೀ ಜಿಲ್ಲೆಯನ್ನೇ ಅತ್ತಿತ್ತ ಸರಿಸಿದ ಕೈಗಳಿಗೆ ಇದು ಯಾವ ಲೆಕ್ಕ? ಅದೂ ಆಗದಿದ್ದರೆ, ಜಿಲ್ಲೆಯ ಯಾವ ಪ್ರಜೆಯ ಅಪೆಂಡಿಕ್ಸೂ ಮಧ್ಯಾಹ್ನಕ್ಕೆ ಮುಂಚೆ ಕೆರಳಕೂಡದೆಂದು ಸುತ್ತೋಲೆ ಹೊರಡಿಸಬೇಕು. ಇವುಗಳಲ್ಲಿ ಯಾವುದಕ್ಕೂ ನಿಯಮ ಒಪ್ಪದಿದ್ದಲ್ಲಿ, ಬಣ್ಣ ಹೋದ, ಕಿಟಕಿ ಅಲುಗಾಡುವ, ಎಲ್ಲೂ ಬೇಡವಾಗಿ ನಿಂತ ಒಂದು ಹಳೇ ಬಸ್ಸನ್ನು ಬೆಳಿಗ್ಗೆ ಒಂದೇ ಒಂದು ಸಲ ಈ ಕಡೆ ಕಳಿಸಿದರೂ ಸಾಕು, ನಾವು ಅದನ್ನೇ ರೈಲೆಂದು ತಿಳಿದು ಹತ್ತುತ್ತೇವೆ.

ಬಸ್ಸಿಗಿಂತ ಮೊದಲೇ ನಿಲ್ದಾಣ ಪಡೆದ ಭಾಗ್ಯವಂತರಲ್ಲಿ ಒಬ್ಬನಾದ,
ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕ

ಮರೆತ ಮಾತು: ಇದನ್ನು ಪತ್ರಿಕೆಗೆ ಕಳಿಸಿದ್ದು ಉದ್ಧಟತನದಿಂದಲ್ಲ. ಆಕ್ಷೇಪಣೆಗಳನ್ನು ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಖುದ್ದಾಗಿ ಬಂದು ಸಲ್ಲಿಸಬೇಕೆಂದು ತಮ್ಮ ಪ್ರಕಟಣೆ ಹೇಳುತ್ತದೆ. ಆ ಹೊತ್ತಿಗೆ ಪೇಟೆ ಮುಟ್ಟಬಲ್ಲವಳು ನನ್ನ ತಮ್ಮನ ಹೆಂಡತಿ ಒಬ್ಬಳೇ. ಕೇಳಿದ್ದಕ್ಕೆ ಆಕೆ ಚಪ್ಪಲಿ ಮೆಟ್ಟುತ್ತ, "ಭಾವಾ, ನಾನ್ ಅಲ್ಲಿ ಹೋಗಿ ನಿಂತ್ರೆ ಡ್ಯೂಟಿಗೆ ಮತ್ತೆ ಲೇಟು. ಪೇಪರಿಗೆ ಕೊಟ್ಬಿಡಿ. ಅದೊಂದಾದ್ರೂ ಅವರ ಮನೆಗೆ ಟೈಮಿಗೆ ಸರಿಯಾಗಿ ಬರುತ್ತೆ" ಎಂದು ಹೇಳಿ, ಹೆದ್ದಾರಿಯ ಕಡೆ ನಡೆದಳು.