ಓಟ್ಮಾರ್ ಕದ್ದ ನೀಲಿ ಡಬ್ಬಿ

ಕುನಿಗುಂಡೆಯಕ್ಕ ಮೊಸರಿಡಲು ಫ್ರಿಜ್ ತೆರೆಯದಿದ್ದರೆ ಅವತ್ತು ನಮ್ಮೂರಿನಲ್ಲಿ ಯಾವ ರಗಳೆಯೂ ಆಗುತ್ತಿರಲಿಲ್ಲ. ಅವಳ ಬಾಡಿಗೆ ಕೋಣೆಗೆ ಹಿಂದಿನ ಸಂಜೆ ಬಂದಿಳಿದಿದ್ದ ಡ್ವೇನ್ ಎಂಬ ಅಮೆರಿಕದ ಅತಿಥಿ ಫ್ರಿಜ್‌ನ ಕೆಳಗಿನ ಅರೆಯ ತುಂಬ ನೀಲಿ ಡಬ್ಬಿಗಳನ್ನು ಜೋಡಿಸಿಟ್ಟಿದ್ದ. ಅವನ ದೇಶದಲ್ಲಿ ಪೆಟ್ರೋಲ್ ಬಂಕಿನಲ್ಲೂ ಸಿಗುವ ತೆಳು ಬಿಯರಿನ ಡಬ್ಬಿಗಳು ಅವು. ತಲೆತಲಾಂತರದಿಂದ ಹೊಗೆ ಬಿಯರ್ ಮಾಡಿಕೊಂಡು ಬಂದಿರುವ ನಮ್ಮ ಹೋಲರ್‌ಬಾಖ್‌ಗೆ ಒಬ್ಬ ಮನುಷ್ಯ ಸಮುದ್ರ ದಾಟಿ ತನ್ನ ಬಿಯರ್ ತಾನೇ ಹೊತ್ತು ತಂದಿದ್ದಾನೆ. ಮದುವೆ ಮನೆಗೆ ಬುತ್ತಿ ಕಟ್ಟಿಕೊಂಡು ಬಂದ ಹಾಗಾಯಿತು. ಇಗರ್ಜಿಯ ಬೆಳಗಿನ ಗಂಟೆ ಬಾರಿಸುವಷ್ಟರಲ್ಲಿ ಸುದ್ದಿ ಊರೆಲ್ಲ ಸುತ್ತಿ ಬಿಯರ್ ಮನೆಯ ಯಜಮಾನ ಲೊರೆಂಟ್ಸ್‌ನ ಕಿವಿಗೂ ಬಿತ್ತು.

ಲೊರೆಂಟ್ಸ್ ಕೂಡಲೇ ಅಳಿಯ ಓಟ್ಮಾರ್‌ನನ್ನು ಕರೆಸಿದ.

"ಅಳಿಯಂದ್ರೇ, ಅವನು ನಾಳೆ ಬಸ್ ಹತ್ತೋದ್ರೊಳಗೆ ನಮ್ಮ ಬಿಯರ್ ಕುಡೀಬೇಕು. ಚೆನ್ನಾಗಿದೆ ಅಂತ ಅವನ ಬಾಯಿಂದ್ಲೇ ಬರ್ಬೇಕು. ಅವರ ಭಾಷೆ ಬರೋದು ಊರಲ್ಲಿ ನಿಮಗೊಬ್ಬರಿಗೇ. ಅಷ್ಟು ವರ್ಷ ಅವರ ಲಾರಿ ರಿಪೇರಿ ಮಾಡಿದ್ದು ಇದಕ್ಕಾದ್ರೂ ಉಪಯೋಗಕ್ಕೆ ಬರ್ಲಿ."

ಓಟ್ಮಾರ್ ತಲೆಯಾಡಿಸಿದ. ಮಾವನ ಹೆದರಿಕೆಯಿಂದಲ್ಲ, ನೀಲಿ ಡಬ್ಬಿಯ ನೆನಪಿನಿಂದ. ಹತ್ತಿರದ ಬಾಂಬೆರ್ಗ್ ಪಟ್ಟಣದಲ್ಲಿ ಅಮೆರಿಕದ ಸೈನ್ಯದ ಶಿಬಿರವಿದ್ದಾಗ ಅವನು ಅಲ್ಲಿ ಮೆಕ್ಯಾನಿಕ್ ಆಗಿದ್ದ. ಗ್ರೀಸಿನ ಕೈಯಲ್ಲೇ ಕುಡಿದ ಆ ಡಬ್ಬಿಗಳ ತಂಪು ಅವನ ನಾಲಗೆಗೆ ಅಂಟಿಕೊಂಡುಬಿಟ್ಟಿತ್ತು. ಹೊಗೆ ಬಿಯರ್ ಎಂದರೆ ಮೊಳಕೆ ಬಾರ್ಲಿಯನ್ನು ಬೀಚ್ ಮರದ ಹೊಗೆಯಲ್ಲಿ ಒಣಗಿಸಿ ಮಾಡುವಂಥದ್ದು. ಓಟ್ಮಾರ್‌ಗೆ ಅದು ಹೊಗೆ ಹಿಡಿಸಿದ ಹಂದಿಯ ತೊಡೆ ನೆನೆಹಾಕಿದ ನೀರು. ಮೂರನೆಯ ಲೋಟಕ್ಕೆ ರುಚಿ ಹತ್ತುತ್ತದೆ ಎಂದು ನಮ್ಮೂರಿನವರು ಹೊಸಬರಿಗೆಲ್ಲ ಹೇಳುತ್ತೇವೆ. ಅವನು ಮದುವೆಯಾದಂದಿನಿಂದ ಕುಡಿಯುತ್ತಿದ್ದಾನೆ, ಆ ಮೂರನೆಯ ಲೋಟ ಇನ್ನೂ ಬಂದಿಲ್ಲ.

ಶಿಬಿರ ಮುಚ್ಚಿದ ಮೇಲೆ ಒಮ್ಮೆ ಧೈರ್ಯ ಮಾಡಿ ಪೇಟೆಯಲ್ಲಿ ಅಂಥವೇ ಕೆಲವು ಡಬ್ಬಿ ಕೊಂಡಿದ್ದ. ಗಲ್ಲಾದಲ್ಲಿ ಕುಳಿತಿದ್ದ ಹುಡುಗಿ ಮಾವನ ದೂರದ ನೆಂಟಳು. ಗಾಬರಿಯಲ್ಲಿ, ಕೋಸಿನ ಮಡಿಗೆ ಬಸವನಹುಳು ಬಿದ್ದಿದೆ, ಹುಳು ಮುಳುಗಿಸಲು ಅಗ್ಗದ ಬಿಯರ್ ಬೇಕಿತ್ತು ಎಂದುಬಿಟ್ಟ. ಆ ಮಾತು ಅವನಿಗಿಂತ ಮೊದಲೇ ಮನೆ ತಲುಪಿತ್ತು. ಹೆಂಡತಿ ರೊಸ್ವಿತಾ ಒಂದು ಹನಿ ಬಿಡದೆ ತಟ್ಟೆಗಳಿಗೆ ಸುರಿದು ಹಿತ್ತಿಲಲ್ಲಿಟ್ಟಳು. ಹುಳುಗಳು ಕುಡಿಯುವುದನ್ನು ಓಟ್ಮಾರ್ ಕಿಟಕಿಯಲ್ಲಿ ನಿಂತು ನೋಡಿದ. ಪಾಪ, ಅವತ್ತು ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಈಗ ಅದೇ ಬಿಯರ್ ಮೂರು ಮನೆಯಾಚೆ ತಣ್ಣಗೆ ಕುಳಿತಿದೆ. ಒಂದೇ ಒಂದು ಡಬ್ಬಿ, ಯಾರಿಗೂ ಗೊತ್ತಾಗದ ಹಾಗೆ. ಅವನಿಗೆ ಬೇಕಾದದ್ದು ಅಷ್ಟೇ.

ಅವನು ಹೂಜಿ ತುಂಬ ಹೊಗೆ ಬಿಯರ್ ಹಿಡಿದು ಕುನಿಗುಂಡೆಯಕ್ಕನ ಮನೆಗೆ ಹೋದ. ಡ್ವೇನ್ ಎತ್ತರದ, ಮಾತು ಕಡಿಮೆಯ ಮನುಷ್ಯ. ಲೋಟಕ್ಕೆ ಮೂಗಿಟ್ಟು ಬಹಳ ಹೊತ್ತು ಮೂಸಿದ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ನುಂಗಿ, ನಿಟ್ಟುಸಿರು ಬಿಟ್ಟು, ಮುಖ ಸಣ್ಣಗೆ ಮಾಡಿಕೊಂಡು ಕುಳಿತ. ಓಟ್ಮಾರ್‌ಗೆ ಒಡಹುಟ್ಟಿದವನೇ ಸಿಕ್ಕಿದಷ್ಟು ಸಂತೋಷವಾಯಿತು. ಮೆಲ್ಲಗೆ, ಬಾಯಿ ಕೆಟ್ಟಿದ್ದರೆ ಒಂದು ನೀಲಿ ಡಬ್ಬಿ ತೆಗೆಯೋಣವೇ, ಬೇಕಾದರೆ ನಾನೂ ಜೊತೆ ಕೊಡುತ್ತೇನೆ ಎಂದ. ಡ್ವೇನ್ ಎದ್ದುಹೋಗಿ ಫ್ರಿಜ್‌ಗೆ ಬೆನ್ನು ಕೊಟ್ಟು ನಿಂತ.

"ತಪ್ಪು ತಿಳ್ಕೋಬೇಡಿ. ಅದನ್ನ ಈಗ ತೆಗೆಯೋ ಹಾಗಿಲ್ಲ," ಎಂದ.

ಇಂಥ ಜಿಪುಣನನ್ನು ಓಟ್ಮಾರ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕುಡಿದವನು ನಿಟ್ಟುಸಿರು ಬಿಟ್ಟ ಎಂದು ಕೇಳಿ ಊರು ಇನ್ನಷ್ಟು ಸಿಟ್ಟಾಯಿತು. ಆಳಿಗೊಂದು ಸಲಹೆ ಬಂತು. ಬರಿಹೊಟ್ಟೆಯಲ್ಲಿ ಕೊಟ್ಟದ್ದೇ ತಪ್ಪು, ಮಾಂಸ ತುಂಬಿ ಬೇಯಿಸಿದ ಈರುಳ್ಳಿಯ ಜೊತೆ ಕೊಡಬೇಕು ಎಂದ ಕಸಾಯಿ ಆಲ್ಫೋನ್ಸ್. ಮಧ್ಯಾಹ್ನ ಡ್ವೇನ್‌ನನ್ನು ಬಿಯರ್ ಮನೆಯ ಅಂಗಳದ ಮರದ ಕೆಳಗೆ ಕೂರಿಸಿ ಊರೇ ಸುತ್ತ ನಿಂತಿತು. ಅವನೋ ಊಟ ಬಿಟ್ಟು ಎದ್ದು, ಬಾರ್ಲಿಗೆ ಹೊಗೆ ಹಾಕುವ ಗೂಡಿನ ಬಳಿ ಹೋಗಿ, ಕಟ್ಟಿಗೆ ಮುಟ್ಟಿ ನೋಡಿ, ಬೂದಿ ಮೂಸಿದ. ನಮ್ಮ ಸ್ವಚ್ಛತೆಯ ಮೇಲೂ ಅನುಮಾನವೇ ಎಂದು ಲೊರೆಂಟ್ಸ್‌ನ ಮೀಸೆ ನಡುಗಿತು.

ಎಲ್ಲರ ಕಣ್ಣೂ ಅತಿಥಿಯ ಮೇಲಿದ್ದಾಗ ಓಟ್ಮಾರ್ ಜಾರಿಕೊಂಡ. ಕುನಿಗುಂಡೆಯಕ್ಕನ ಅಡುಗೆಮನೆಗೆ ಹಿಂಬಾಗಿಲಿನಿಂದ ನುಗ್ಗಿ ಒಂದು ಡಬ್ಬಿ ಎತ್ತಿಕೊಂಡ. ಅಷ್ಟರಲ್ಲಿ ಸಾಸಿವೆ ಚಟ್ನಿ ತರಲು ಅವಳೇ ಬಂದಳು. ಡಬ್ಬಿ ಅಂಗಿಯೊಳಗೆ ಹೋಯಿತು. ಹೊಟ್ಟೆಗೆ ತಣ್ಣಗೆ ತಾಗಿ ಓಟ್ಮಾರ್ ಸೆಟೆದು ನಿಂತ.

"ಯಾಕಪ್ಪಾ, ಹೊಟ್ಟೆ ಹಿಡ್ಕೊಂಡಿದ್ದೀಯ?" ಎಂದಳು.

ನೋವು ಎಂದ. ಅದೇ ತಪ್ಪಾಯಿತು. ಅಂಗಿಯ ಮೇಲೆ ಕೈಯಿಟ್ಟು ನೋಡಿದ ಕುನಿಗುಂಡೆಯಕ್ಕ ಹೌಹಾರಿದಳು. ಹೊಟ್ಟೆ ಹೆಣದ ಹಾಗೆ ತಣ್ಣಗಿದೆ, ಗಟ್ಟಿಯೂ ಆಗಿದೆ ಎಂದು ಅವನನ್ನು ಬೆಂಚಿನ ಮೇಲೆ ಮಲಗಿಸಿ, ಸೋಂಪಿನ ಕಷಾಯಕ್ಕೆ ನೀರಿಟ್ಟು, ರೊಸ್ವಿತಾಗೆ ಹೇಳಿಬರಲು ಓಡಿದಳು. ಓಟ್ಮಾರ್ ಕಿಟಕಿಯಿಂದ ಹಾರಿ, ಹೂವಿನ ಕುಂಡವೊಂದನ್ನು ಒಡೆದು, ಕುಂಟುತ್ತ ಮಾವನ ಪೀಪಾಯಿ ಕೊಟ್ಟಿಗೆ ಸೇರಿಕೊಂಡ.

ಕೊನೆಗೂ ಒಬ್ಬನೇ. ಡಬ್ಬಿಯ ಕಿವಿ ಎಳೆದ, ಟಸ್ ಎಂದಿತು. ಕಣ್ಣು ಮುಚ್ಚಿ ಮೂರು ಗುಟುಕು ಒಟ್ಟಿಗೇ ಇಳಿಸಿದ.

ಬಾಯಿ ತುಂಬ ಹೊಗೆ. ಮಾವನ ಬಿಯರಿಗಿಂತಲೂ ಖಾರವಾದ, ಗೂಡಿನೊಳಗೇ ತಲೆಯಿಟ್ಟಂಥ ಹೊಗೆ. ಇಷ್ಟು ವರ್ಷ ಕುಡಿದು ಕುಡಿದು ತನ್ನ ನಾಲಗೆಯೇ ಕೆಟ್ಟುಹೋಯಿತೆಂದು ಓಟ್ಮಾರ್ ಕಂಗಾಲಾದ. ಆಗಲೇ ಬಾಗಿಲು ತೆರೆಯಿತು. ಮುಂದೆ ಲೊರೆಂಟ್ಸ್, ಹಿಂದೆ ರೊಸ್ವಿತಾ, ಕುನಿಗುಂಡೆಯಕ್ಕ, ಆಲ್ಫೋನ್ಸ್. ನಡುವೆ, ಉಳಿದ ಡಬ್ಬಿಗಳನ್ನು ಮಗುವಿನ ಹಾಗೆ ಅವುಚಿಕೊಂಡ ಡ್ವೇನ್. ಅವನು ಏನೋ ಹೇಳಬೇಕೆನ್ನುತ್ತಿದ್ದಾನೆ, ನಮಗೆ ತಿಳಿಯುತ್ತಿಲ್ಲ, ನಿಮ್ಮನ್ನೇ ಹುಡುಕುತ್ತಿದ್ದೆವು ಎಂದ ಲೊರೆಂಟ್ಸ್. ಆಮೇಲೆ ಅವನ ಕಣ್ಣು ಅಳಿಯನ ಕೈಗೆ ಹೋಯಿತು.

ಡ್ವೇನ್ ಹೇಳಿದ್ದನ್ನು ಮೀಸೆಯ ನೊರೆ ಒರೆಸುವುದನ್ನೂ ಮರೆತು ಓಟ್ಮಾರ್‌ನೇ ಅನುವಾದಿಸಬೇಕಾಯಿತು. ಡ್ವೇನ್ ತನ್ನ ಊರಿನಲ್ಲಿ ಆ ತೆಳು ಬಿಯರಿನ ಕಾರ್ಖಾನೆಯ ಕೆಲಸಗಾರ. ಮನೆಯ ಕಾರ್ ಶೆಡ್ಡಿನಲ್ಲಿ ವರ್ಷಗಟ್ಟಲೆ ಹೊಗೆ ಬಿಯರ್ ಮಾಡಲು ಹೆಣಗಿದ್ದಾನೆ. ಮಾಡಿದ್ದನ್ನು ಕಾರ್ಖಾನೆಯ ಖಾಲಿ ಡಬ್ಬಿಗಳಲ್ಲಿ ತುಂಬಿಸಿ, ಮುಚ್ಚಳ ಒತ್ತಿಸಿ ತಂದಿದ್ದಾನೆ, ಲೊರೆಂಟ್ಸ್ ಯಜಮಾನರು ರುಚಿ ನೋಡಿ ಹೇಳಲಿ ಎಂದು. ಬೆಳಿಗ್ಗೆ ಇಲ್ಲಿಯದನ್ನು ಕುಡಿದ ಮೇಲೆ ತನ್ನದನ್ನು ತೋರಿಸಲು ನಾಚಿಕೆಯಾಯಿತಂತೆ.

ಲೊರೆಂಟ್ಸ್ ಒಂದು ಡಬ್ಬಿ ತೆರೆದು ಕುಡಿದ. ಅವನ ಕಣ್ಣು ತೇವವಾಯಿತು. ಆಮೇಲೆ ಅಳಿಯನ ಹೆಗಲ ಮೇಲೆ ಕೈಹಾಕಿದ.

"ನೋಡ್ರೋ, ಮುಚ್ಚಿದ ಡಬ್ಬಿಯಿಂದ ಹೊಗೆ ಬಿಯರ್ ವಾಸನೆ ಹಿಡಿದಿದ್ದಾನೆ ನನ್ನ ಅಳಿಯ. ಹೊಟ್ಟೆನೋವು ಅಂತ ಸುಳ್ಳು ಹೇಳಿ ಕದ್ದು ಕುಡಿಯೋವಷ್ಟು ಆಸೆ. ಇವನಿಗೆ ಈ ರುಚಿ ಹಿಡಿಸಿಲ್ಲ ಅಂತ ಇಷ್ಟು ದಿನ ನಾನೇ ತಪ್ಪು ತಿಳ್ಕೊಂಡಿದ್ದೆ."

ಇನ್ನು ಮೇಲೆ ಪ್ರತಿ ಪೀಪಾಯಿಯ ಮೊದಲ ಲೋಟ ಇವನಿಗೇ ಎಂದು ಅಲ್ಲೇ ಘೋಷಿಸಿದ. ರೊಸ್ವಿತಾಳ ಮುಖ ಹೆಮ್ಮೆಯಿಂದ ಅರಳಿತು. ಡ್ವೇನ್ ಓಟ್ಮಾರ್‌ನನ್ನು ತಬ್ಬಿಕೊಂಡು ಒಂದೇ ಉಸಿರಿಗೆ ಏನೇನೋ ಹೇಳಿದ. ಅನುವಾದದ ಭರದಲ್ಲಿದ್ದ ಓಟ್ಮಾರ್ ಅದನ್ನೂ ಗಟ್ಟಿಯಾಗಿ ಕನ್ನಡಿಯ ಹಾಗೆ ತಿರುಗಿಸಿ ಹೇಳಿಬಿಟ್ಟ:

"ನಮ್ಮ ಕಾರ್ಖಾನೆ ಬಿಯರ್ ನನಗೆ ಪುಕ್ಕಟೆ ಸಿಗುತ್ತೆ, ಮನೆ ತುಂಬ ಕೊಳೀತಾ ಬಿದ್ದಿದೆ. ಬೇಕಾದ್ರೆ ತಿಂಗಳು ತಿಂಗಳು ಕಳಿಸಬಹುದಿತ್ತು. ಆದ್ರೆ ನಿಮ್ಮಂಥ ರುಚಿ ಬಲ್ಲೋರಿಗೆ ಆ ನೀರನ್ನ ಹೇಗೆ ಕಳಿಸ್ಲಿ?"

ಹೇಳಿ ಮುಗಿಸಿದ ಮೇಲೆಯೇ ಆ ಮಾತಿನ ಅರ್ಥ ಅವನ ತಲೆಗೆ ಹೋದದ್ದು. ಕೊಟ್ಟಿಗೆಯೆಲ್ಲ ನಗುತ್ತಿತ್ತು. ಲೊರೆಂಟ್ಸ್ ಬೆನ್ನಿಗೊಂದು ಗುದ್ದು ಕೊಟ್ಟು, ಹೇಳಿ ಅಳಿಯಂದ್ರೇ, ಕಳಿಸಿದ್ರೆ ಕುಡೀತೀರಾ ಎಂದ.

ಓಟ್ಮಾರ್ ಸುತ್ತಲಿನ ಮುಖಗಳನ್ನು ನೋಡಿದ.

"ಛೇ, ಅದನ್ನ ಯಾರು ಕುಡೀತಾರೆ ಮಾವ," ಎಂದು, ಕೈಯಲ್ಲಿದ್ದ ಹೊಗೆಯನ್ನು ಕೊನೆಯ ಹನಿಯವರೆಗೂ ಕುಡಿದ.