ಲಿಲ್ಲಿಯ ಪಾಪಗಳ ಪಟ್ಟಿ

ಮಾತಿನಿಂದಲೇ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರ ಬಳಿ ಹೋಗುವ ಮೊದಲು ಏನೇನು ತಿಳಿದಿರಬೇಕು ಎಂಬುದನ್ನು ನನ್ನಷ್ಟು ಅಧಿಕಾರದಿಂದ ಹೇಳಬಲ್ಲವರು ನಮ್ಮ ಜೆಪ್ಪುವಿನಲ್ಲಿ ಬೇರೆ ಯಾರೂ ಇಲ್ಲ. ಇದು ಜಂಬವಲ್ಲ. ಅರವತ್ತರ ದಶಕದ ಆರಂಭದ ಮಂಗಳೂರಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಹಾಡುಹಗಲೇ ಅಂಥ ಕಡೆಗೆ ಹೋದ ಗಂಡಸು ನಾನೊಬ್ಬನೇ ಇರಬೇಕು. ಕರೆದುಕೊಂಡು ಹೋದದ್ದು ಅವಳು ಎಂಬುದು ಬೇರೆ ಮಾತು.

ನಾನು ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರು, ಲಿಲ್ಲಿ ನರ್ಸ್. ಅವಳ ತಾಯಿ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಅವಳು ನನ್ನೊಡನೆ ಮಾತನ್ನೇ ಬಿಟ್ಟಳು. ಊಟಕ್ಕೆ ಕರೆಯುವುದಿದ್ದರೆ ಬೆಕ್ಕಿಗೆ ಹೇಳುತ್ತಿದ್ದಳು. ಕೊನೆಗೊಂದು ದಿನ ನೇರವಾಗಿ ನನ್ನನ್ನೇ ನೋಡಿ, "ಬೊಂಬಾಯಿಯ ಆಸ್ಪತ್ರೆಯಲ್ಲಿ ನನಗೆ ಕೆಲಸ ಉಂಟು. ಹೋಗಬೇಕೋ ಬೇಡವೋ ಗೊತ್ತಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಕಲಿತು ಬಂದ ಒಬ್ಬರು ಡಾಕ್ಟರು ಕಂಕನಾಡಿಯಲ್ಲಿದ್ದಾರೆ. ಬರ್ತೀರಾ?" ಎಂದಳು. ನನಗೆ ಅಂಜಿಕೆಯಾಯಿತು. ಲಿಲ್ಲಿ ಇಲ್ಲದ ಮನೆಯನ್ನು ನಾನು ಊಹಿಸಿಯೂ ಇರಲಿಲ್ಲ.

ಆದರೆ ಅಂಜಿಕೆ ಬಹಳ ಹೊತ್ತು ಉಳಿಯಲಿಲ್ಲ. ಕಥೋಲಿಕರಾದ ನಮಗೆ ಇಂಥದ್ದಕ್ಕೆ ಹೊಸ ತರಬೇತಿ ಬೇಕೆ? ಏಳನೇ ವಯಸ್ಸಿನಿಂದ ಶನಿವಾರ ಸಂಜೆ ಇಗರ್ಜಿಯಲ್ಲಿ ಮೊಣಕಾಲೂರಿ ಪಾಪನಿವೇದನೆ ಮಾಡಿದವರು ನಾವು. ಪಾಪ ಹೇಳುವುದು, ಪಾದ್ರಿಗಳು ಕೊಟ್ಟ ಪ್ರಾಯಶ್ಚಿತ್ತ ಪಡೆಯುವುದು, ಹಗುರಾಗಿ ಮನೆಗೆ ಬಂದು ಮೀನಿನ ಸಾರು ಉಣ್ಣುವುದು. ಹಾಗಾಗಿ ಮುತುವರ್ಜಿಯಿಂದ ಪಟ್ಟಿ ಬರೆದುಕೊಂಡೆ. ನನ್ನ ಪಾಪ ಎರಡು, ಎರಡೂ ಸಣ್ಣವು. ಲಿಲ್ಲಿಯದ್ದು ಹದಿನಾಲ್ಕು. ಅವಳಿಗೆ ಮಾತಾಡಲು ಮನಸ್ಸಿಲ್ಲವಲ್ಲ, ಅವಳ ಪಾಲಿನದ್ದನ್ನೂ ನಾನೇ ಒಪ್ಪಿಸಿದರೆ ಕೆಲಸ ಬೇಗ ಮುಗಿಯುತ್ತದೆ ಎಂದುಕೊಂಡೆ.

ಡಾಕ್ಟರು ಇಡೀ ಪಟ್ಟಿಯನ್ನು ಕೇಳಿಸಿಕೊಂಡರು. "ಪ್ರಾಯಶ್ಚಿತ್ತ ಎಂತ ಡಾಕ್ಟ್ರೇ?" ಎಂದೆ.

"ಇಲ್ಲಿ ಅದೆಲ್ಲ ಇಲ್ಲ. ಮುಂದಿನ ಗುರುವಾರ ಇದೇ ಹೊತ್ತಿಗೆ ಬನ್ನಿ."

ಆದ್ದರಿಂದ ಹೊಸಬರು ತಿಳಿಯಬೇಕಾದ್ದು: ಮಾತ್ರೆ ಇಲ್ಲ, ತೀರ್ಪು ಇಲ್ಲ, ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಇಂದಿನ ಜಗಳ ಹೇಳಹೊರಟರೆ ಅವರು ನಿಮ್ಮ ಅಪ್ಪ ಅಮ್ಮನ ವಿಚಾರ ಕೇಳುತ್ತಾರೆ. ನನ್ನ ಅಪ್ಪ ಒಳ್ಳೆಯವರು ಎಂದೆ. ನೆಂಟರು ಬಂದು "ಹೇಗಿದ್ದೀರಿ?" ಎಂದು ಅಮ್ಮನನ್ನು ಕೇಳಿದರೆ "ಆರಾಮ ಇದ್ದಾಳೆ" ಎಂದು ಅಪ್ಪನೇ ಹೇಳುತ್ತಿದ್ದರು, ಅಮ್ಮನಿಗೆ ಬಾಯಿ ನೋಯಿಸುವ ಕಷ್ಟವೇ ಇರಲಿಲ್ಲ ಎಂದು ಹೆಮ್ಮೆಯಿಂದ ವಿವರಿಸಿದೆ. ಡಾಕ್ಟರು ಅದನ್ನು ಬರೆದುಕೊಂಡರು. ಏಕೆ ಎಂದು ಆಗ ಹೊಳೆಯಲಿಲ್ಲ.

ಮೂರನೇ ಗುರುವಾರ ಅವರು ಲಿಲ್ಲಿಯ ಕಡೆ ತಿರುಗಿ, "ಈಗ ನಿಮಗೆ ಹೇಗನಿಸ್ತದೆ?" ಎಂದರು.

"ಅವಳಿಗೆ ನಿದ್ರೆ ಸರಿಯಾಗಿ ಬರುವುದಿಲ್ಲ," ಎಂದೆ ನಾನು.

"ನಾನು ಕೇಳಿದ್ದು ಅವರನ್ನು."

"ಗೊತ್ತುಂಟು ಡಾಕ್ಟ್ರೇ. ಅದಕ್ಕೇ ಅವಳದ್ದನ್ನು ಹೇಳಿದೆ."

ನನಗೆ ಅಪ್ಪನ ನೆನಪಾಯಿತು. ತುಟಿ ಕಚ್ಚಿ ಕುಳಿತೆ. ಮೇಷ್ಟ್ರಾದವನಿಗೆ ಅದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಇರಲಾರದು.

ಆಗ ಲಿಲ್ಲಿ ಬಾಯಿಬಿಟ್ಟಳು. "ಅಮ್ಮ ಸತ್ತಾಗ ಬಂದವರೆಲ್ಲ ಹೇಗಾಯಿತು ಅಂತ ನನ್ನನ್ನು ಕೇಳಿದರು. ಎಲ್ಲರಿಗೂ ಇವರೇ ಹೇಳಿದರು. ಕೈ ಹಿಡಿದುಕೊಂಡು ಇದ್ದದ್ದು ನಾನು. ಇವತ್ತಿನವರೆಗೆ ನಾನು ಯಾರಿಗೂ ಹೇಳಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳತೊಡಗಿದಳು. ಅಮ್ಮ ನೀರು ಕೇಳಿದ್ದು, ಹೆಸರು ಹಿಡಿದು ಕರೆದದ್ದು. ಅಷ್ಟನ್ನೂ ನಾನು ಕೇಳುತ್ತಿದ್ದದ್ದು ಅದೇ ಮೊದಲು. ನಾಚಿಕೆಯಾಯಿತು, ಅಳು ಬಂತು. ನಡುವೆ ಅವಳು "ಬುಧವಾರ ಬೆಳಿಗ್ಗೆ" ಎಂದಳು. ಅದು ಮಂಗಳವಾರ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಚರಿತ್ರೆಯ ಮೇಷ್ಟ್ರಾಗಿ ನಾನು ಮಾಡಿದ ಅತಿ ದೊಡ್ಡ ತ್ಯಾಗ ಅದು.

ಲಿಲ್ಲಿ ಬೊಂಬಾಯಿಗೆ ಹೋಗಲಿಲ್ಲ. ನಾನು ಬದಲಾದೆ ಎಂದು ಧೈರ್ಯವಾಗಿ ಬರೆದು, ಈ ಪ್ರಬಂಧವನ್ನು ಮೊದಲು ಅವಳಿಗೇ ಓದಲು ಕೊಟ್ಟೆ. ಕೊನೆಯವರೆಗೆ ಓದಿ, ಕನ್ನಡಕ ತೆಗೆದಿಟ್ಟಳು.

"ಇದನ್ನೂ ನೀವೇ ಹೇಳಿಬಿಟ್ಟಿರಾ ಮಾರಾಯ್ರೇ?"