ನಂಬರ್ ಒನ್‌ನ ಕೊನೆಯ ಚರಣ

ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಫೋನ್ ಎತ್ತಬಾರದು. ಎತ್ತಿದ್ದಕ್ಕೇ ಇಷ್ಟೆಲ್ಲ ಆಯಿತು.

ಆ ಕಡೆಯಿಂದ ಮಾತಾಡಿದವಳು ಒಂದು ಫೋನ್ ಕಂಪನಿಯವಳು. ಜೇನಿನಲ್ಲಿ ಅದ್ದಿ ತೆಗೆದಂಥ ದನಿ. "ಸರ್, ನಿಮ್ಮ 'ಇನ್ನೊಂದೇ ತಿರುವು' ಹಾಡನ್ನ ದಿನಾ ಸಾವಿರಾರು ಜನ ಕೇಳ್ತಿದ್ದಾರೆ, ಗೊತ್ತಾ? ಇವತ್ತು ಸಂಜೆ ನಮ್ಮ ಗ್ರಾಹಕರ ಸಭೆ ಇದೆ. ನೀವು ಬರಲೇಬೇಕು. ನಮ್ಮ ಸಾಹೇಬರು ನಿಮ್ಮ ಜೊತೆ ದೊಡ್ಡ ಒಪ್ಪಂದ ಮಾಡ್ಕೊಳ್ಳೋ ಯೋಚನೇಲಿದ್ದಾರೆ."

ಎಲ್ಲಿ ಕೇಳುತ್ತಿದ್ದಾರೆ, ಯಾತಕ್ಕೆ ಕೇಳುತ್ತಿದ್ದಾರೆ ಎಂದು ಅವನು ವಿಚಾರಿಸಬೇಕಿತ್ತು. ನೊರೆ ಕನ್ನಡಿಗೆ ಹಾರೀತೆಂದು "ಹ್ಞೂಂ" ಅಂದ. ಅವಳು ಸಭಾಂಗಣದ ವಿಳಾಸ ಹೇಳಿದಳು. ಅದಕ್ಕೂ "ಹ್ಞೂಂ" ಅಂದ. ಅಲ್ಲಿಗೆ ಮಾತು ಮುಗಿಯಿತು.

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು 'ನಂಬರ್ ಒನ್' ಎಂದು. ಕೆಲವು ವರ್ಷಗಳ ಹಿಂದೆ ಅವನ ಆ ಹಾಡು ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ ಒಂದು ವಾರ ಕೂತಿತ್ತು. ಮುಂದಿನ ವಾರ ಇಳಿಯಿತು. ಇಳಿದದ್ದು ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ, ಮೂರನೇ ಮಹಡಿಯಿಂದ ಬಿದ್ದ ಬಟ್ಟೆ ಕ್ಲಿಪ್ಪಿನ ಹಾಗೆ. ಆಮೇಲೆ ಹಾಡಿದ್ದೊಂದೂ ಹತ್ತಲಿಲ್ಲ. ಈಗ ನಂಬರ್ ಒನ್ ಒಂದು ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಗಳ ಮುಂದೆ ಹಾಸಿಗೆಯ ಮೇಲೆ ಮಲಗಿ, ಮಗ್ಗುಲು ಬದಲಿಸಿ, ಸ್ಪ್ರಿಂಗು ಕಿರುಗುಟ್ಟುವುದಿಲ್ಲ ಎಂದು ತೋರಿಸುವುದು ಅವನ ಉದ್ಯೋಗ. ಮಾರಾಟವಾಗದೆ ಉಳಿದ ಅವನ ಹಾಡಿನ ಡಿಸ್ಕುಗಳನ್ನು ಹೆಂಡತಿ ದಾರಕ್ಕೆ ಪೋಣಿಸಿ, ಪಾರಿವಾಳ ಹೆದರಲಿ ಎಂದು ಬಾಲ್ಕನಿಗೆ ಕಟ್ಟಿದ್ದಳು. ಪಾರಿವಾಳಗಳು ಹೆದರುತ್ತಿದ್ದುದು ನಿಜ.

ಬಾಯಿ ಮುಕ್ಕಳಿಸಿ ಬಂದು ಸುದ್ದಿ ಹೇಳಿದ. ಮೊದಲು ಕುಣಿದವನು ಭಾವಮೈದುನ. ಕೆಲಸ ಸಿಗುವವರೆಗೆ ಎಂದು ಬಂದು ಸೋಫಾದಲ್ಲಿ ಬೇರು ಬಿಟ್ಟಿದ್ದ ಅವನಿಗೆ ಜಗತ್ತಿನ ಎಲ್ಲ ಯಶಸ್ಸಿನ ಗುಟ್ಟೂ ಗೊತ್ತಿತ್ತು, ಸ್ವಂತದ್ದೊಂದು ಬಿಟ್ಟು.

"ನಾನು ಹೇಳ್ತಿರಲಿಲ್ವಾ ಭಾವ? ಚಾರ್ಟಲ್ಲಿ ಮೇಲಿರೋದು ಯಶಸ್ಸೇ ಅಲ್ಲ. ಅದು ಒಂದು ವಾರದ ನೆಗಡಿ ಇದ್ದ ಹಾಗೆ. ಜನರ ದಿನಚರಿ ಒಳಗೆ ನುಗ್ಗಬೇಕು! ಪಾತ್ರೆ ತೊಳೀವಾಗ ನಿಮ್ಮ ಹಾಡು, ಬಸ್ಸಿಗೆ ಕಾಯೋವಾಗ ನಿಮ್ಮ ಹಾಡು. ಅದು ಉಳಿಯೋ ಯಶಸ್ಸು. ನುಗ್ಗಿದ್ದೀರಿ ನೀವು! ಇನ್ನು ಆ ಹಾಸಿಗೆ ಮೇಲೆ ಉರುಳಾಡೋದು ಶೋಭಿಸಲ್ಲ. ಇವತ್ತೇ ಬಿಟ್ಟುಬಿಡಿ."

"ಲೋ, ನೀನು ಸೋಫಾ ಬಿಡು ಮೊದಲು" ಎಂದಳು ಹೆಂಡತಿ. ಗಂಡನ ಕಡೆ ತಿರುಗಿ, "ರೀ, ಒಪ್ಪಂದ ಕೈಗೆ ಬರಲಿ, ಆಮೇಲೆ ಕೆಲಸದ ಮಾತು. ಮನೆ ನಡೀತಿರೋದು ಆ ಹಾಸಿಗೆಯಿಂದ" ಎಂದಳು.

ಅವನಿಗೆ ಇಬ್ಬರ ಮಾತೂ ಸರಿ ಎನಿಸಿತು. ಆದರೆ ಒಂದು ಮಾತು ಹೆಚ್ಚು ಇಂಪಾಗಿತ್ತು. ಬಾಲ್ಕನಿಗೆ ಹೋಗಿ, ಬಿಸಿಲಿಗೆ ಸಿಪ್ಪೆ ಏಳದೆ ಉಳಿದಿದ್ದ ಒಂದೇ ಒಂದು ಡಿಸ್ಕನ್ನು ದಾರದಿಂದ ಬಿಡಿಸಿ ಕಿಸೆಗೆ ಹಾಕಿಕೊಂಡ.

ಹಾಸಿಗೆ ಅಂಗಡಿಯ ಮಾಲೀಕನಿಗೆ ಕಾಯುವುದೆಂದರೆ ಮೈಯೆಲ್ಲ ಉರಿ. ಲಿಫ್ಟು ಬರುವಷ್ಟರಲ್ಲಿ ಮೆಟ್ಟಿಲು ಹತ್ತಿ, ಲಿಫ್ಟು ತಡ ಮಾಡಿತೆಂದು ಮೇಲೆ ನಿಂತು ಬೈಯುವ ಮನುಷ್ಯ. ಬೇರೆಯವರನ್ನು ಕಾಯಿಸುವುದಕ್ಕೆ ಮಾತ್ರ ಅವನ ಅಭ್ಯಂತರವಿರಲಿಲ್ಲ.

"ಕಲೆ ನನ್ನನ್ನ ಮತ್ತೆ ಕರೀತಿದೆ ಸರ್..." ಎಂದು ನಂಬರ್ ಒನ್ ದಾರಿಯಲ್ಲಿ ಉರುಹೊಡೆದದ್ದನ್ನು ಶುರುಮಾಡಿದ.

"ಬಿಡ್ತಿದ್ದೀಯಾ? ಬಿಡು. ಮುಂದೆ?"

"ನನ್ನ ನೆನಪಿಗೆ ಇದೊಂದು ಡಿಸ್ಕು..."

"ಕೊಡು. ನಾಳೆ ಬೆಳಗ್ಗೆ ನಿನ್ನ ಜಾಗಕ್ಕೆ ಬೇರೆಯವನು ಬರ್ತಾನೆ. ಮನಸ್ಸು ಬದಲಾದ್ರೆ ಇವತ್ತು ಅಂಗಡಿ ಮುಚ್ಚೋದ್ರೊಳಗೆ ಫೋನ್ ಮಾಡು. ಮುಚ್ಚಿದ ಮೇಲೆ ಮಾಡಿದ್ರೆ ನೀನ್ಯಾರೋ ನಾನ್ಯಾರೋ. ಹೊರಡು."

ಮಾಲೀಕ ಡಿಸ್ಕನ್ನು ಕೈಯಲ್ಲಿ ತಿರುವಿ ನೋಡಿ, "ಪೂರ್ತಿ ಹಾಡು ಇದೆಯೋ, ಅರ್ಧಂಬರ್ಧವೋ?" ಎಂದು ಕೇಳಿದ. ಸಾಮಾನು ಬಿಟ್ಟಿಯಾಗಿ ಬಂದರೂ ಅಳತೆಗೆ ಕಡಿಮೆ ಇದ್ದರೆ ಅವನು ಮುಟ್ಟುತ್ತಿರಲಿಲ್ಲ.

ಕೆಲಸ ಬಿಟ್ಟ ಹಗುರದಲ್ಲಿ ನಂಬರ್ ಒನ್ ನೇರವಾಗಿ ಕ್ಷೌರದಂಗಡಿಗೆ ನಡೆದ. ಸಂಜೆಗೆ ಮುಖ ಹೊಳೆಯಬೇಡವೇ? ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ. ಮೀಸೆಯೂ ಬೇಡ, ಹೊಸ ಜೀವನಕ್ಕೆ ಹೊಸ ಮುಖ ಎಂದ. ಕ್ಷೌರಿಕ ಬಲಗಡೆಯಿಂದ ಶುರುಮಾಡಿ ಮೂಗಿನ ಕೆಳಗಿನವರೆಗೆ ಬಂದ. ಖುಷಿ ತಡೆಯಲಾರದೆ ನಂಬರ್ ಒನ್ ಮೆಲ್ಲಗೆ ಗುನುಗಿದ:

"ಇನ್ನೊಂದೇ ತಿರುವು, ಬಂದೆ ಬಂದೆ ಕಣೇ,
ಬಾಗಿಲಲ್ಲೇ ನಿಂತಿರು, ಬಂದೆ ಬಂದೆ ಕಣೇ..."

ಅಂಗಡಿಯಲ್ಲಿ ಕತ್ತರಿಗಳು ನಿಂತವು. ಬೆಂಚಿನ ಮೇಲೆ ಪೇಪರು ಹಿಡಿದು ಕೂತವರು, ಕೂದಲಿಗೆ ಬಣ್ಣ ಮೆತ್ತಿಸಿಕೊಂಡು ಕೂತವರು, ಎಲ್ಲರೂ ಶಾಲೆಯ ಮಕ್ಕಳ ಹಾಗೆ ಒಕ್ಕೊರಲಿನಿಂದ ಹೇಳಿದರು:

"ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಕಾಯಿರಿ."

ನಂಬರ್ ಒನ್ ಕಣ್ಣು ಬಿಟ್ಟ. ಹಾಡಿನಲ್ಲಿ ಆ ಸಾಲು ಇರಲಿಲ್ಲ.

"ಸಾರ್, ಆ ಹಾಡು ಮಾತ್ರ ಬೇಡ" ಎಂದ ಕ್ಷೌರಿಕ. "ಕೈ ನಡುಗತ್ತೆ. ಕತ್ತಿ ನಿಮ್ಮ ಮೂಗಿನ ಕೆಳಗೇ ಇದೆ. ಆ ದರಿದ್ರ ಫೋನ್ ಕಂಪನಿಗೆ ದೂರು ಹೇಳೋಕೆ ಫೋನ್ ಮಾಡಿದ್ರೆ ಯಾವನೋ ಒಬ್ಬ ಬಂದೆ ಬಂದೆ ಅಂತಾನೇ ಇರ್ತಾನೆ. ಯಾವನೂ ಬರಲ್ಲ. ಹೋದ ತಿಂಗಳು ನಾನು ಊಟ ಮಾಡಿ, ಕೈ ತೊಳೆದು, ನಿದ್ದೆ ಮಾಡಿ ಎದ್ರೂ ಇನ್ನೂ ಬರ್ತಾನೇ ಇದ್ದ!"

"ಅದು... ನಾನೇ" ಎಂದ ನಂಬರ್ ಒನ್. ಏಕೆ ಹೇಳಿದನೋ! ಕಲಾವಿದನ ಬಾಯಿ, ಕೇಳಬೇಕೆ?

ಮುಂದಿನ ಕ್ಷಣ ಅವನು ಬೀದಿಯಲ್ಲಿದ್ದ. ಮೀಸೆಯ ಬಲಭಾಗ ಹೋಗಿತ್ತು, ಎಡಭಾಗ ಇತ್ತು. ಕೊರಳಿನ ಬಟ್ಟೆ ಕೊರಳಿನಲ್ಲೇ ಇತ್ತು.

ಮನೆಗೆ ಓಡಿಬಂದ ಅವನನ್ನು ನೋಡಿ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವೋ ನಗುವೋ ಅವನು ಕೇಳಲಿಲ್ಲ. ಎಲ್ಲವನ್ನೂ ಕೇಳಿ ಭಾವಮೈದುನ ಮಾತ್ರ ತೊಡೆ ತಟ್ಟಿದ.

"ಇನ್ನೂ ಒಳ್ಳೇದೇ ಆಯ್ತಲ್ಲ ಭಾವ! ಬೇರೆಯವರ ಹಾಡನ್ನ ಬೇಡ ಅಂದ್ರೆ ನಿಲ್ಲಿಸಬಹುದು. ನಿಮ್ಮದನ್ನ ನಿಲ್ಲಿಸೋಕಾಗಲ್ಲ. ಇಂಥ ಕೇಳುಗರು ಯಾರಿಗೆ ಸಿಗ್ತಾರೆ?"

"ಜೈಲರಿಗೆ ಸಿಗ್ತಾರೆ" ಎಂದಳು ಹೆಂಡತಿ.

ಉಳಿದ ಮೀಸೆಯನ್ನು ಬೋಳಿಸಲು ಮನೆಯಲ್ಲಿ ಬ್ಲೇಡಿರಲಿಲ್ಲ. ಇದ್ದ ಒಂದನ್ನು ಭಾವಮೈದುನ ಬೆಳಗ್ಗೆ ಪೆನ್ಸಿಲ್ ಚೂಪು ಮಾಡಿ ಮೊಂಡು ಮಾಡಿ ಎಸೆದಿದ್ದ. ಮೇಲಿನ ಮನೆಯ ಹೊಲಿಗೆಯಾಕೆ ತಾನಾಗಿ ಇಳಿದುಬಂದು, ಅವನ ಹಳೆಯ ಮಿನುಗು ಕೋಟು ಹೊಟ್ಟೆಯ ಹತ್ತಿರ ಸೇರುವುದಿಲ್ಲವೆಂದು ಬೆನ್ನಿಗೆ ಪರದೆಯ ತುಂಡೊಂದನ್ನು ಸೇರಿಸಿ ಹೊಲಿದಳು. "ಹಿಂದೆ ತಿರುಗಬೇಡಿ, ಅಷ್ಟೇ" ಎಂದು ಧೈರ್ಯ ಹೇಳಿದಳು.

ಸಭಾಂಗಣ ತುಂಬಿತ್ತು. ಸಾಹೇಬರು ಬಂದಿರಲಿಲ್ಲ. ಅವರು ಬರುವವರೆಗೆ ಜನಕ್ಕೆ ಬೇಸರವಾಗದಿರಲಿ ಎಂದು ಕಂಪನಿಯವರು ಧ್ವನಿವರ್ಧಕದಲ್ಲಿ ಹಾಡು ಹಾಕಿದ್ದರು. ಯಾವ ಹಾಡೆಂದು ಹೇಳಬೇಕಾಗಿಲ್ಲ. ಬಂದೆ ಬಂದೆ ಎನ್ನುತ್ತ ಅದು ಸುತ್ತು ಹಾಕುತ್ತಿದ್ದ ಹಾಗೆ ಜನರ ಮುಖಗಳು ಒಲೆಯ ಮೇಲಿಟ್ಟ ಪಾತ್ರೆಗಳಂತಾಗುತ್ತಿದ್ದವು.

ಕೊನೆಗೆ ಬಂದ ಸಾಹೇಬರು ನಂಬರ್ ಒನ್‌ನ ಹೆಗಲು ಬಳಸಿ ವೇದಿಕೆಯ ಮುಂದಕ್ಕೆ ಕರೆತಂದರು. "ನೀವೆಲ್ಲ ಇಷ್ಟು ದಿನ ಕೇಳಿದ ಕಂಠ ಇದೇ! ನಮಗೊಂದು ತೊಂದರೆ ಇತ್ತು. ಹಾಡು ಸಣ್ಣದು, ನಿಮ್ಮ ಕಾಯುವಿಕೆ ದೊಡ್ಡದು. ಮುಗಿಯೋ ಹಾಡು ನಮ್ಮ ವ್ಯವಹಾರಕ್ಕೆ ಒಗ್ಗಲ್ಲ ಅಂತ ಕೊನೇ ಚರಣ ಕತ್ತರಿಸಿ, ಎರಡನೇ ಚರಣದಿಂದ ಮತ್ತೆ ಮೊದಲಿಗೆ ಹೋಗೋ ಹಾಗೆ ಮಾಡಿದ್ವಿ. ಆದ್ರೂ ಸಾಲ್ತಿಲ್ಲ. ಆದ್ದರಿಂದ ಇವರು ಇದೇ ಹಾಡನ್ನ ಒಂದು ಗಂಟೆಯಷ್ಟು ಉದ್ದಕ್ಕೆ ಹೊಸದಾಗಿ ಹಾಡಿಕೊಡ್ತಾರೆ!"

ಕುರ್ಚಿಗಳು ಹಿಂದಕ್ಕೆ ಸರಿದ ಸದ್ದು.

"ಇವನೇನಾ ಬಂದೆ ಬಂದೆ ಅಂತಿದ್ದವನು? ಬಾರಯ್ಯಾ ಕೆಳಗೆ!"

"ನಿನ್ನಿಂದ ನನ್ನ ಹಾಲು ಉಕ್ಕಿ, ಇಂಗಿ, ಪಾತ್ರೆ ತೂತಾಯ್ತು ಕಣಯ್ಯಾ!"

"ನಮ್ಮ ಮಗು ಮೊದಲು ಆಡಿದ ಮಾತು ಅಮ್ಮ ಅಲ್ಲ, 'ದಯವಿಟ್ಟು ಕಾಯಿರಿ'!"

"ಅರ್ಧ ಮೀಸೆ ನೋಡು! ಅದನ್ನೂ ಪೂರ್ತಿ ಮಾಡಿಲ್ಲ!"

ಒಂದರ ಹಿಂದೊಂದು ಚಪ್ಪಲಿ ಹಾರಿಬಂತು. ತಪ್ಪಿಸಿಕೊಳ್ಳಲು ನಂಬರ್ ಒನ್ ತಿರುಗಿದ. ಬೆನ್ನಿನ ಪರದೆ ಕಂಡಿತು. ಅದರ ಮೇಲೆ ದೊಡ್ಡ ಹಳದಿ ಬಾತುಕೋಳಿಗಳಿದ್ದವು. ಸಾಹೇಬರು ಒಪ್ಪಂದದ ಕಾಗದವನ್ನು ತಲೆಗೆ ಅಡ್ಡ ಹಿಡಿದರು. ಜೊತೆಗೆ ಬಂದಿದ್ದ ಭಾವಮೈದುನ ಬಾಗಿಲ ಕಂಬದ ಹಿಂದೆ ಕರಗಿಹೋದ.

ನಂಬರ್ ಒನ್ ಮೈಕು ಹಿಡಿದು ಕೂಗಿದ: "ಇಲ್ಲ! ಹಾಡಲ್ಲ! ಈ ಹಾಡನ್ನ ನಾನು ಇನ್ನು ಯಾವತ್ತೂ, ಎಲ್ಲೂ ಹಾಡಲ್ಲ! ಮಾತು ಕೊಡ್ತೀನಿ!"

ಚಪ್ಪಾಳೆ ಎಂದರೆ ಅದು. ಛಾವಣಿ ಹಾರುವಂತಿತ್ತು. ಮೊದಲ ಸ್ಥಾನದಲ್ಲಿದ್ದ ವಾರದಲ್ಲೂ ಅವನಿಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಚಪ್ಪಲಿ ಎಸೆದವರೇ ಎದ್ದು ನಿಂತು, ಒಂಟಿ ಕಾಲಲ್ಲಿ, ತಟ್ಟಿದರು. ಸಾಹೇಬರು ಕಾಗದವನ್ನು ನಾಲ್ಕು ತುಂಡು ಮಾಡಿ ಅವನ ಕೋಟಿನ ಕಿಸೆಗೆ ತುರುಕಿ ಹೋದರು.

ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತಾಗ ಬೀದಿದೀಪಗಳು ಹೊತ್ತಿಕೊಳ್ಳುತ್ತಿದ್ದವು. ಹೆಂಡತಿಯ ಫೋನ್ ಬಂತು. ವಿಷಯ ಕೇಳಿ ಅವಳು ಬೈಯಲಿಲ್ಲ. "ಹಾಸಿಗೆ ಅಂಗಡಿ ಇನ್ನೂ ಮುಚ್ಚಿರಲ್ಲ. ಈಗಲೇ ಮಾಡಿ" ಎಂದಷ್ಟೇ ಹೇಳಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಂಗಡಿಯ ನಂಬರು ಒತ್ತುವಷ್ಟರಲ್ಲಿ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಇನ್ನೂ ಚಿಕ್ಕ ವಯಸ್ಸು. ಕೈಯಲ್ಲೊಂದು ಚೀಲ.

"ನೀವು ಹಾಡಲ್ಲ ಅಂತ ಮಾತು ಕೊಟ್ಟುಬಿಟ್ರಿ" ಎಂದಳು. ಅವಳೊಬ್ಬಳ ಮುಖದಲ್ಲಿ ಮಾತ್ರ ಸಿಟ್ಟಿರಲಿಲ್ಲ. "ನಾನು ಒಂದು ಕೇಳೋಣ ಅಂತ ಬಂದಿದ್ದೆ. ನಮ್ಮ ಯಜಮಾನರ ಹೆಸರಲ್ಲಿದ್ದ ಫೋನನ್ನ ನನ್ನ ಹೆಸರಿಗೆ ಮಾಡಿಸ್ಬೇಕಿತ್ತು. ಅವರಿಲ್ಲ ಈಗ. ದಿನಾ ಮಾಡ್ತಿದ್ದೆ, ದಿನಾ ಕಾಯಿಸೋರು."

"ಕ್ಷಮಿಸಿ."

"ಯಾಕೆ? ಮನೆಗೆ ಬಂದೋರೆಲ್ಲ ಏನಾದ್ರೂ ಬುದ್ಧಿ ಹೇಳೋರು. ನಿಮ್ಮ ಹಾಡು ಬಂದೆ ಬಂದೆ ಅಂತಿತ್ತು, ಅಷ್ಟೇ. ಹೆಸರು ಬದಲಾಗಿ ಎಷ್ಟೋ ದಿನ ಆಯ್ತು. ಈಗ್ಲೂ ಮಾಡ್ತೀನಿ."

"ಈಗೇನು ದೂರು?"

"ದೂರೇನೂ ಇಲ್ಲ. ಯಾರಾದ್ರೂ ಎತ್ತಿದ್ರೆ ಇಟ್ಬಿಡ್ತೀನಿ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದಳು: "ಹಾಡಿನ ಕೊನೇಲಿ ಅವನು ಬರ್ತಾನಾ?"

ನಂಬರ್ ಒನ್ ಯೋಚಿಸಿದ. ವೇದಿಕೆಗಳಲ್ಲಿ ಯಾವಾಗಲೂ ಎರಡು ಚರಣಕ್ಕಷ್ಟೇ ಸಮಯ ಸಿಗುತ್ತಿತ್ತು. ಕೊನೆಯದನ್ನು ಅವನು ಹಾಡಿದ್ದು ಒಮ್ಮೆ ಮಾತ್ರ, ಧ್ವನಿಮುದ್ರಣದ ದಿನ. ತಲೆ ಕೆರೆದುಕೊಂಡ. ಇದ್ದ ಮೀಸೆಯನ್ನು ಎಳೆದುಕೊಂಡ. ಒಂದು ಪದವೂ ನೆನಪಾಗಲಿಲ್ಲ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನಿನಿಂದ ಅವನದೇ ದನಿ ಹೊರಟಿತು: ಇನ್ನೊಂದೇ ತಿರುವು, ಬಂದೆ ಬಂದೆ ಕಣೇ... ಮಾಲೀಕ ಬೆಳಗಿನ ಡಿಸ್ಕನ್ನು ದಂಡ ಮಾಡಿರಲಿಲ್ಲ. ಕರೆ ಎತ್ತುವವರೆಗೆ ಕೇಳಿಸಲೆಂದು ಅಂಗಡಿಯ ಫೋನಿಗೆ ಹಾಕಿಸಿದ್ದ.

"ಇದರಲ್ಲಿ ಪೂರ್ತಿ ಇದೆ!" ಎಂದು ನಂಬರ್ ಒನ್ ಸ್ಪೀಕರ್ ಒತ್ತಿ ಫೋನನ್ನು ಇಬ್ಬರ ನಡುವೆ ಮೆಟ್ಟಿಲ ಮೇಲಿಟ್ಟ. ಅವಳು ಕೂತಳು. ಮೊದಲ ಚರಣ ಆಯಿತು. ಎರಡನೆಯದೂ ಆಯಿತು. ಇಬ್ಬರೂ ಬಗ್ಗಿದರು.

"ಹಲೋ, ಯಾರು? ಬೇಗ ಹೇಳಿ, ಬಾಗಿಲು ಹಾಕ್ತಿದ್ದೀ..."

ಅವಳ ಬೆರಳು ಕುಟುಕಿದ ಹಾಗೆ ಹೋಗಿ ಕರೆ ಕತ್ತರಿಸಿತು.

"ಅಯ್ಯೋ! ಅದು ನಮ್ಮ ಮಾಲೀಕರು!"

"ಅಯ್ಯೋ, ಕ್ಷಮಿಸಿ. ಯಾರಾದ್ರೂ ಎತ್ತಿದ್ರೆ ಇಡೋದು, ರೂಢಿ ಆಗ್ಬಿಟ್ಟಿದೆ."

ತಕ್ಷಣ ಮತ್ತೆ ಮಾಡಿದ. ಹಾಡು ಮೊದಲಿನಿಂದ ಶುರುವಾಯಿತು. ಎತ್ತು ಮಹಾರಾಯ, ಎತ್ತು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಎತ್ತದಿರಲಿ ಎಂದು ಅವಳು ಬೇಡಿಕೊಂಡಿರಬೇಕು. ಎರಡು ಚರಣ ದಾಟಿದವು. ಯಾರೂ ಎತ್ತಲಿಲ್ಲ. ವಾದ್ಯಗಳು ತಗ್ಗಿದವು, ಮತ್ತೆ ಅವನ ದನಿ ಬಂತು. ಈಗಿನದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನ, ಅಂಜಿಕೆಯಿಲ್ಲದ ದನಿ:

"ತಿರುವೆಲ್ಲ ಮುಗಿದಾವು, ಬಂದೇ ಬಿಟ್ಟೆ ಕಣೇ,
ಬಾಗಿಲಿಗೆ ಬೀಗ, ನೀನೆಲ್ಲಿ ಹೋದೆ ಕಣೇ..."

ಹಾಡು ನಿಂತಿತು. ಟಪ್ಪೆಂದು ಮಾಲೀಕನ ಮುದ್ರಿತ ದನಿ ಹೇಳಿತು: "ಅಂಗಡಿ ಮುಚ್ಚಿದೆ. ಕಾಯಬೇಡಿ."

ನಂಬರ್ ಒನ್ ಫೋನ್ ಆರಿಸಿ ಕಿಸೆಗೆ ಹಾಕಿಕೊಂಡ.

"ಹಾಗಾದ್ರೆ ಬಂದ ಅವನು" ಎಂದಳು ಅವಳು.

"ತಡವಾಗಿ ಬಂದ" ಎಂದ ನಂಬರ್ ಒನ್, ತನ್ನ ಕೆಲಸವನ್ನು ನೆನೆದು.

"ಬಂದನಲ್ಲ." ಅವಳು ಎದ್ದು ಚೀಲ ಹೆಗಲಿಗೇರಿಸಿದಳು. ಮುಖದಲ್ಲಿ ಬಹಳ ದಿನದ ಕೆಲಸವೊಂದು ಮುಗಿದ ಸಮಾಧಾನವಿತ್ತು. "ತುಂಬ ಉಪಕಾರ ಆಯ್ತು. ಇನ್ನು ಫೋನ್ ಮಾಡೋದಿಲ್ಲ ಬಿಡಿ."

ಅವಳು ತಿರುವು ದಾಟಿ ಮರೆಯಾದ ಮೇಲೆ ಬಾಗಿಲ ಕಂಬದ ಹಿಂದಿನಿಂದ ಭಾವಮೈದುನ ಮೆಲ್ಲಗೆ ತಲೆ ಹಾಕಿದ.

"ಯಾರು ಭಾವ ಅದು? ಅಭಿಮಾನಿನಾ?"

"ಆಗಿದ್ರು" ಎಂದ ನಂಬರ್ ಒನ್.